ಪೋರ್ಫೈರಿಯಾ ಇಟ್ಕೊಂಡು ಗಾಲ್ ಬ್ಲಾಡರ್ ಆಪರೇಷನ್: ಒಂದೊಂದು ಔಷಧಿನೂ ಕೇಳಿ ತಿಳ್ಕೊಂಡ ಕಥೆ

ನನಗಿರೋ ಕಾಯಿಲೆ ಹೆಸರು ಅಕ್ಯೂಟ್ ಇಂಟರ್ಮಿಟೆಂಟ್ ಪೋರ್ಫೈರಿಯಾ. ತುಮಕೂರಲ್ಲಿ ಈ ಹೆಸರು ಹೇಳಿದ್ರೆ ಮೆಡಿಕಲ್ಸ್‌ನೋರು ಹಾಗಿರ್ಲಿ, ಡಾಕ್ಟ್ರುಗಳೇ ಎಷ್ಟೋ ಸಲ "ಕಾಲೇಜಲ್ಲಿ ಓದಿದ್ವಿ ಕಣಮ್ಮ, ಪೇಷಂಟ್ ಅಂತ ನೋಡ್ತಿರೋದು ನಿಮ್ಮನ್ನೇ ಮೊದಲು" ಅಂದಿದಾರೆ. ಅದರಲ್ಲಿ ಅವರ ತಪ್ಪೇನಿಲ್ಲ, ಅಷ್ಟು ಅಪರೂಪದ ಕಾಯಿಲೆ ಇದು. ಈಚೆಗೆ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು, ಯಾವ ತೊಂದ್ರೆನೂ ಇಲ್ದೆ ಆಯ್ತು, ಅದು ಹಾಗೇ ಸುಮ್ನೆ ಆಗಿದ್ದಲ್ಲ, ಹಿಂದೆ ತುಂಬಾ ಜನ ತುಂಬಾ ಎಚ್ಚರಿಕೆಯಿಂದ ಕೆಲಸ ಮಾಡಿದ್ರಿಂದ ಆಗಿದ್ದು. ನನಗೆ ಕಾಯಿಲೆ ಗೊತ್ತಾದಾಗ ಕನ್ನಡದಲ್ಲಿ ಓದೋಕೆ ಏನೂ ಸಿಗ್ಲಿಲ್ಲ, ಅದಕ್ಕೇ ಬರೀತಿದೀನಿ.

ಮೊದಲು ಕಾಯಿಲೆ ಏನು ಅಂತ ಹೇಳ್ಬಿಡ್ತೀನಿ, ಇಲ್ದಿದ್ರೆ ಮಾತ್ರೆಗೂ ಇದಕ್ಕೂ ಏನು ಸಂಬಂಧ ಅಂತ ಅರ್ಥ ಆಗಲ್ಲ. ನಮ್ಮ ಲಿವರ್‌ನಲ್ಲಿ ಹೀಮ್ ಅಂತ ಒಂದು ವಸ್ತು ತಯಾರಾಗ್ತಾನೇ ಇರುತ್ತೆ, ರಕ್ತದ ಹಿಮೋಗ್ಲೋಬಿನ್‌ನಲ್ಲಿ ಇರೋದೂ ಅದೇ ಹೀಮ್. ಅದು ಎಂಟು ಹಂತದಲ್ಲಿ ತಯಾರಾಗುತ್ತೆ, ಒಂದೊಂದು ಹಂತಕ್ಕೂ ಒಂದೊಂದು ಎಂಜೈಮ್. ನನಗೆ ಮೂರನೇ ಹಂತದ ಎಂಜೈಮ್ ಹುಟ್ಟಿನಿಂದಲೇ ಹೆಚ್ಚುಕಮ್ಮಿ ಅರ್ಧ. ಸುಮ್ನಿದ್ದಾಗ ಆ ಅರ್ಧದಲ್ಲೇ ಎಲ್ಲಾ ನಡ್ಕೊಂಡು ಹೋಗುತ್ತೆ. ಆದ್ರೆ ಕೆಲವು ಔಷಧಿ ಒಳಗೆ ಹೋದ್ರೆ ಲಿವರ್ ಅವನ್ನ ಒಡೆದು ಹೊರಗೆ ಹಾಕೋಕೆ ಪಿ450 ಅನ್ನೋ ಎಂಜೈಮ್‌ಗಳನ್ನ ಜಾಸ್ತಿ ಜಾಸ್ತಿ ಮಾಡೋಕೆ ಶುರು ಮಾಡುತ್ತೆ, ಅವಕ್ಕೆ ಹೀಮ್ ಬೇಕು, ಹೀಮ್ ಬೇಕು ಅಂದ ತಕ್ಷಣ ಮೊದಲನೇ ಹಂತ ಜೋರಾಗಿ ಓಡುತ್ತೆ, ಮೂರನೇ ಹಂತಕ್ಕೆ ಬಂದು ಸಿಕ್ಕಾಕೊಳ್ಳುತ್ತೆ. ಅಡಿಕೆ ತೋಟಕ್ಕೆ ನೀರು ಬಿಟ್ಟಾಗ ಕಾಲುವೆ ಮಧ್ಯೆ ಗರಿ ಸಿಕ್ಕಿ ಕಟ್ಕೊಂಡ್ರೆ ಹಿಂದಿನ ನೀರೆಲ್ಲಾ ಏರಿ ಬದು ಮೇಲೆ ಹರಿಯುತ್ತಲ್ಲ, ಹಾಗೆ. ಹಾಗೆ ಏರಿ ನಿಲ್ಲೋದು ಎಎಲ್‌ಎ, ಪಿಬಿಜಿ ಅನ್ನೋ ಎರಡು ವಸ್ತು. ಅದರಿಂದ ನರಗಳಿಗೆ ಪೆಟ್ಟು ಬೀಳುತ್ತೆ. ಹೊಟ್ಟೆ ನೋವು ಅಂದ್ರೆ ಹೇಳೋಕಾಗದ ನೋವು, ವಾಂತಿ, ಮಲಬದ್ಧತೆ, ಎದೆ ಬಡಿತ ಜೋರು, ಬಿಪಿ ಏರುತ್ತೆ, ಸೋಡಿಯಂ ಇಳಿಯುತ್ತೆ, ಫಿಟ್ಸ್ ಬರಬಹುದು, ಕೈಕಾಲು ಬಿದ್ದು ಹೋಗಬಹುದು, ಉಸಿರಾಟಕ್ಕೇ ಬರಬಹುದು. ಹೀಗೆ ಬರೋದನ್ನೇ ನಾವು ಅಟ್ಯಾಕ್ ಅನ್ನೋದು. ವಿಚಿತ್ರ ಅಂದ್ರೆ ಹೊಟ್ಟೆ ಒತ್ತಿ ನೋಡಿದ್ರೆ ಮೆತ್ತಗೇ ಇರುತ್ತೆ, ಸ್ಕ್ಯಾನ್‌ನಲ್ಲಿ ಏನೂ ಕಾಣಲ್ಲ. ಅದಕ್ಕೇ "ಗ್ಯಾಸ್ಟ್ರಿಕ್", "ಟೆನ್ಷನ್", "ನಾಟಕ" ಅಂತೆಲ್ಲಾ ಅನ್ನಿಸ್ಕೋಬೇಕಾಗುತ್ತೆ.

ನನಗೆ ಶುರುವಾಗಿದ್ದು ಮೈದುನನ ಮನೆ ಗೃಹಪ್ರವೇಶದಲ್ಲಿ. ಅಂತರಸನಹಳ್ಳಿ ಕಡೆ ಮನೆ ಕಟ್ಟಿಸಿದ್ರು, ಪೂಜೆಗೆ ನಾನೂ ಯಜಮಾನ್ರೂ ಕೂರಬೇಕಿತ್ತು, ಡೇಟ್ ಸರಿಯಾಗಿ ಅದೇ ದಿನಕ್ಕೆ ಬರೋ ಹಾಗಿತ್ತು. ನಮ್ಮ ಕಡೆ ಇದಕ್ಕೆ ಎಲ್ರೂ ಮಾಡೋದು ಒಂದೇ, ಮೆಡಿಕಲ್ಸ್‌ಗೆ ಹೋಗಿ ಪೀರಿಯಡ್ಸ್ ಮುಂದಕ್ಕೆ ಹಾಕೋ ಮಾತ್ರೆ ಕೊಡಿ ಅಂದ್ರೆ ಕೊಡ್ತಾರೆ, ಚೀಟಿ ಯಾರೂ ಕೇಳಲ್ಲ. ಆ ಮಾತ್ರೆ ನೊರೆಥಿಸ್ಟೆರಾನ್, ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನು. ನಮ್ಮ ಕಾಯಿಲೆಯೋರಿಗೆ ಬೇಡವೇ ಬೇಡ ಅನ್ನೋ ಪಟ್ಟಿಯಲ್ಲಿ ಮೇಲೇ ಇರೋದು ಅದು. ಜೊತೆಗೆ ಪೂಜೆ ಅಂತ ಹಿಂದಿನ ರಾತ್ರಿಯಿಂದ ಊಟ ಇಲ್ಲ, ಮಾರನೇ ದಿನ ಹೋಮ ಮುಗಿಯೋ ತನಕ ಉಪವಾಸ. ಉಪವಾಸಕ್ಕೂ ಲಿವರ್‌ನಲ್ಲಿ ಆಗೋದು ಅದೇ, ಗ್ಲೂಕೋಸ್ ಕಡಿಮೆ ಆದ ತಕ್ಷಣ ಮೊದಲನೇ ಹಂತ ಜೋರಾಗುತ್ತೆ. ಎರಡೂ ಸೇರ್ಕೊಂಡ್ವು. ಆಮೇಲೆ ಹೊಟ್ಟೆ ನೋವು ಅಂತ ಒಂದು ಕಡೆ ಅಡ್ಮಿಟ್ ಆದೆ, ವಾಂತಿ ನಿಲ್ಲಲಿಲ್ಲ, ಸೋಡಿಯಂ ಇಳಿದು ಫಿಟ್ಸ್ ಬಂತು. ಫಿಟ್ಸ್ ಬಂದೋರಿಗೆ ಸಾಮಾನ್ಯವಾಗಿ ಕೊಡೋ ಔಷಧಿಗಳಲ್ಲಿ ಒಂದು ಫೆನಿಟೋಯಿನ್, ನನಗೂ ಅದನ್ನೇ ಕೊಟ್ರು. ಅದೂ ನಮಗೆ ಆಗದ ಔಷಧಿನೇ. ಅದಾದ್ಮೇಲೆ ಕೈ ಮೇಲೆತ್ತೋಕೆ ಆಗ್ತಿರ್ಲಿಲ್ಲ, ತಲೆ ಬಾಚ್ಕೊಳ್ಳೋಕೆ ಅಮ್ಮ ಬರಬೇಕಾಯ್ತು.

ಗೊತ್ತಾಗಿದ್ದು ಬೆಂಗಳೂರಿಗೆ ಹೋದ್ಮೇಲೆ. ಅಲ್ಲಿ ನ್ಯೂರಾಲಜಿ ಡಾಕ್ಟ್ರು ನನ್ನ ಹೊಟ್ಟೆ ನೋಡೋಕೆ ಮುಂಚೆ ಯೂರಿನ್ ಬ್ಯಾಗ್ ನೋಡಿದ್ರು. ಬಗ್ಗಿ ಬೆಳಕಿಗೆ ಹಿಡಿದು ನೋಡಿ ಸಿಸ್ಟರ್‌ಗೆ ಒಂದು ಬಾಟಲಿಯಲ್ಲಿ ಸ್ವಲ್ಪ ತೆಗೆದು ಕಿಟಕಿ ಕಟ್ಟೆ ಮೇಲೆ ಬಿಸಿಲಿಗೆ ಇಡಿ ಅಂದ್ರು, ಇನ್ನೊಂದು ಬಾಟಲಿಗೆ ಪೂರ್ತಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಲ್ಯಾಬ್‌ಗೆ ಕಳ್ಸಿ ಅಂದ್ರು. ಬಿಸಿಲಿಗೆ ಇಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಕೆಂಪು ಕಂದು ಆಗಿ ಗಾಢ ಆಗ್ತಾ ಹೋಯ್ತು, ಪಿಬಿಜಿ ಜಾಸ್ತಿ ಇದ್ರೆ ಬೆಳಕಿಗೆ ಹಾಗೆ ಬಣ್ಣ ತಿರುಗುತ್ತಂತೆ. ಫಾಯಿಲ್ ಸುತ್ತಿದ್ದು ಯಾಕಂದ್ರೆ ಬೆಳಕು ಬಿದ್ರೆ ಪಿಬಿಜಿ ಹಾಳಾಗಿ ರಿಪೋರ್ಟ್ ಕಡಿಮೆ ತೋರ್ಸುತ್ತೆ. ಇದನ್ನ ಇಷ್ಟು ಬಿಡಿಸಿ ಯಾಕೆ ಹೇಳ್ತಿದೀನಿ ಅಂದ್ರೆ, ಎಷ್ಟೋ ಜನಕ್ಕೆ ಸ್ಯಾಂಪಲ್ ಸುಮ್ನೆ ಹಾಗೇ ಬ್ಯಾಗ್‌ನಲ್ಲಿ ಹಾಕ್ಕೊಂಡು ಬಸ್ಸಲ್ಲಿ ಹೋಗಿ ಕೊಟ್ಟು "ನಾರ್ಮಲ್" ಅಂತ ಬಂದುಬಿಡುತ್ತೆ. ಟೆಸ್ಟ್ ಮಾಡ್ಸೋದು ನೋವು ಇರೋವಾಗಲೇ ಮಾಡ್ಸಿ, ಬೆಳಕು ತಾಗದ ಹಾಗೆ ಮಾಡ್ಸಿ.

ಫೆನಿಟೋಯಿನ್ ನಿಲ್ಲಿಸಿ ಲೆವೆಟಿರಾಸೆಟಮ್ ಕೊಟ್ರು. ಗ್ಲೂಕೋಸ್ ಡ್ರಿಪ್ ಓಡಿಸಿದ್ರು. ಈ ಕಾಯಿಲೆಗೆ ನಿಜವಾದ ಔಷಧಿ ಅಂದ್ರೆ ಹೀಮಿನ್ ಇಂಜೆಕ್ಷನ್, ಲಿವರ್‌ಗೆ ನೇರವಾಗಿ ಹೀಮ್ ಕೊಟ್ಟುಬಿಟ್ರೆ ಅದು ಸುಮ್ಮನಾಗುತ್ತೆ, ಮೈ ತೂಕದ ಒಂದು ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಲೆಕ್ಕದಲ್ಲಿ ಸಾಮಾನ್ಯವಾಗಿ 4 ದಿನ ಕೊಡ್ತಾರೆ. ನಮ್ಮಲ್ಲಿ ಅದು ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗೋದಲ್ಲ, ಹೊರದೇಶದಿಂದ ತರ್ಸಬೇಕು. ಇನ್ನು ಗಿವೊಸಿರಾನ್ ಅಂತ ತಿಂಗಳಿಗೊಂದು ಇಂಜೆಕ್ಷನ್, ಅಮೆರಿಕಾದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ತು, ಅದರ ರೇಟು ನಮ್ಮಂಥೋರ ಕೈಗೆ ಎಟುಕೋದಲ್ಲ. ಡಿಸ್ಚಾರ್ಜ್ ದಿನ ಡಾಕ್ಟ್ರು ಇದನ್ನೆಲ್ಲಾ ಕೂರಿಸ್ಕೊಂಡು ಹೇಳಿ, "ನೋಡಮ್ಮಾ, ಅಟ್ಯಾಕ್ ಬಂದ್ಮೇಲೆ ಕೊಡೋ ಔಷಧಿ ನಮಗೆ ಕಷ್ಟ. ಅದಕ್ಕೇ ಬರದೇ ಇರೋ ಹಾಗೆ ನೋಡ್ಕೊಳ್ಳೋದೇ ನಿನ್ನ ಟ್ರೀಟ್ಮೆಂಟು. ಮಾತ್ರೆ ನುಂಗೋಕೆ ಮುಂಚೆ ಚೆಕ್ ಮಾಡೋದೇ ನಿನ್ನ ಮಾತ್ರೆ ಅಂದ್ಕೋ" ಅಂದ್ರು. ನಾನು ಅದನ್ನ ಅಕ್ಷರಶಃ ತಗೊಂಡೆ.

ಪಟ್ಟಿ ಅಂತ ಅವರು ಒಂದಷ್ಟು ಹಾಳೆ ಪ್ರಿಂಟ್ ಮಾಡ್ಸಿ ಕೊಟ್ಟಿದ್ರು. ಅದರಲ್ಲಿ ಕೆಲವು ಹೆಸರು ಬಾಯಿಪಾಠ ಆಗಿಹೋಗಿದೆ ನನಗೆ. ಬೇಡ ಅನ್ನೋದರಲ್ಲಿ ಫೀನೊಬಾರ್ಬಿಟೋನ್, ಫೆನಿಟೋಯಿನ್, ಕಾರ್ಬಮಾಜೆಪಿನ್, ವಾಲ್ಪ್ರೊಯೇಟ್, ಸಲ್ಫಾ ಆಂಟಿಬಯಾಟಿಕ್‌ಗಳು, ಟಿಬಿಗೆ ಕೊಡೋ ರಿಫಾಂಪಿಸಿನ್, ಹುಳುಕಡ್ಡಿಗೆ ಕೊಡೋ ಗ್ರಿಸಿಯೋಫಲ್ವಿನ್, ತಲೆನೋವಿನ ಎರ್ಗೊಟಮಿನ್, ಹೆರಿಗೆ ಆದ್ಮೇಲೆ ರಕ್ತ ನಿಲ್ಲೋಕೆ ಕೊಡೋ ಮೀಥೈಲ್ ಎರ್ಗೊಮೆಟ್ರಿನ್, ನೋವಿಗೆ ಕೊಡೋ ಪೆಂಟಜೋಸಿನ್ ಇಂಜೆಕ್ಷನ್, ಪ್ರೊಜೆಸ್ಟರಾನ್ ಹಾರ್ಮೋನು. ಆಗುತ್ತೆ ಅನ್ನೋದರಲ್ಲಿ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್, ಮಾರ್ಫಿನ್, ಒಂಡಾನ್ಸೆಟ್ರಾನ್, ಅಮಾಕ್ಸಿಸಿಲಿನ್, ಇನ್ಸುಲಿನ್, ಪ್ರೊಪ್ರನೊಲಾಲ್, ಗ್ಯಾಬಪೆಂಟಿನ್. ಇದು ಪೂರ್ತಿ ಪಟ್ಟಿ ಅಲ್ಲ, ದಯವಿಟ್ಟು ಇದನ್ನೇ ನೋಡ್ಕೊಂಡು ಯಾರೂ ಮಾತ್ರೆ ತಗೋಬೇಡಿ ಬಿಡಬೇಡಿ, ನಿಮ್ಮ ಡಾಕ್ಟ್ರನ್ನ ಕೇಳಿ.

ಪಟ್ಟಿ ಕೈಗೆ ಬಂದ್ರೆ ಮುಗೀತು ಅಂತ ಅಂದ್ಕೊಂಡಿದ್ವಿ. ಅಲ್ಲಿಂದಲೇ ನಿಜವಾದ ಕೆಲಸ. ಪಟ್ಟಿಯಲ್ಲಿ ಇರೋದು ಸಾಲ್ಟ್ ಹೆಸರು, ಅಂದ್ರೆ ಮಾತ್ರೆ ಒಳಗಿರೋ ಔಷಧಿಯ ಹೆಸರು, ಅಂಗಡಿಯಲ್ಲಿ ಕೊಡೋದು ಕಂಪನಿ ಹೆಸರು. ಒಂದೇ ಸಾಲ್ಟ್‌ಗೆ ಹತ್ತಾರು ಕಂಪನಿ ಹೆಸರು, ಬರೀ ಒಂದಕ್ಷರ ವ್ಯತ್ಯಾಸ ಇರೋ ಎರಡು ಹೆಸರಿನೊಳಗೆ ಎರಡು ಬೇರೆ ಸಾಲ್ಟ್. ನಮ್ಮಲ್ಲಿ ಕಾಂಬಿನೇಷನ್ ಮಾತ್ರೆ ಬೇರೆ ಜಾಸ್ತಿ, ಪ್ಯಾರಾಸಿಟಮಾಲ್ ಅಂತ ಧೈರ್ಯವಾಗಿ ತಗೊಂಡ್ರೆ ಜೊತೆಗೆ ಡೈಕ್ಲೊಫಿನಾಕ್ ಸೇರಿರುತ್ತೆ, ಡೈಕ್ಲೊಫಿನಾಕ್ ಡಬ್ಬಿಯೊಳಗಿನ ಚೀಟಿಯಲ್ಲೇ ಹೆಪಾಟಿಕ್ ಪೋರ್ಫೈರಿಯಾ (ಲಿವರ್‌ನಲ್ಲಿ ಆಗೋದು, ನಮ್ಮದೂ ಅದೇ ಜಾತಿ) ಇರೋರಿಗೆ ಅಟ್ಯಾಕ್ ಬರಿಸಬಹುದು, ಎಚ್ಚರ ಅಂತ ಬರೆದಿರ್ತಾರೆ. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಇರೋದನ್ನ ಓದ್ಬೇಕು, ಅರ್ಧ ಸ್ಟ್ರಿಪ್ ಕತ್ತರಿಸಿ ಕೊಟ್ರೆ ಆ ಹೆಸರು ಇರೋ ಭಾಗ ಅಂಗಡಿಯಲ್ಲೇ ಉಳ್ಕೊಳ್ಳುತ್ತೆ. ನಾನು ಈಗ ಪೂರ್ತಿ ಸ್ಟ್ರಿಪ್ಪೇ ಕೊಡಿ ಅಂತೀನಿ, ಎರಡು ಮಾತ್ರೆ ಸಾಕಿದ್ರೂ.

ಎಸ್.ಎಸ್. ಪುರಂನಲ್ಲಿ ನಮ್ಮ ಮನೆ ಹತ್ರ ಮೆಡಿಕಲ್ಸ್ ಇಟ್ಟಿರೋ ಹುಡುಗ ಮೊದಮೊದಲು "ಏನೂ ಆಗಲ್ಲ ತಗೊಳ್ಳಿ ಅಕ್ಕಾ, ದಿನಾ ನೂರು ಜನಕ್ಕೆ ಕೊಡ್ತೀನಿ" ಅಂತಿದ್ದ. ಒಂದಿನ ಕೂತು ಅವನಿಗೆ ಪಟ್ಟಿ ತೋರ್ಸಿ ಏನಾಗಿತ್ತು ಅಂತ ಹೇಳ್ದೆ, ಆಸ್ಪತ್ರೆಯಲ್ಲಿದ್ದಾಗಿನ ಫೋಟೋ ತೋರ್ಸಿದೆ. ಅವನು ಆ ಪಟ್ಟಿ ಝೆರಾಕ್ಸ್ ಮಾಡ್ಕೊಂಡು ಕೌಂಟರ್ ಗ್ಲಾಸ್ ಒಳಗೆ ನನ್ನ ಹೆಸರು ಬರೆದು ಇಟ್ಕೊಂಡ. ಈಗ ಡಾಕ್ಟ್ರು ಬರೆದ ಬ್ರಾಂಡ್ ಇಲ್ಲ ಅಂದ್ರೆ ಬೇರೆ ಕೊಡೋಕೆ ಮುಂಚೆ ಅವನೇ ಸಾಲ್ಟ್ ಓದಿ ಹೇಳ್ತಾನೆ, "ಅಕ್ಕಾ ಇದರಲ್ಲಿ ಇನ್ನೊಂದು ಏನೋ ಸೇರಿದೆ, ಕೇಳ್ಕೊಂಡು ಬನ್ನಿ" ಅಂತ ವಾಪಸ್ ಕಳಿಸಿರೋದೂ ಉಂಟು. ಆ ಹುಡುಗನಿಗೆ ನಾನು ಎಷ್ಟು ಋಣಿ ಅಂತ ಅವನಿಗೆ ಗೊತ್ತಿಲ್ಲ.

ಹೊಸ ಔಷಧಿ ಬಂದ್ರೆ ನೋಡೋಕೆ ನಾರ್ವೆ ದೇಶದ ಬರ್ಗೆನ್‌ನಲ್ಲಿರೋ ಪೋರ್ಫೈರಿಯಾ ಸೆಂಟರ್‌ನೋರ ಡೇಟಾಬೇಸ್ ಇದೆ, ನಾಪೋಸ್ ಅಂತಾರೆ. ಬೆಂಗಳೂರಿನ ಡಾಕ್ಟ್ರು ಅದನ್ನ ನೋಡೋಕೆ ಹೇಳ್ಕೊಟ್ರು. ಅದರಲ್ಲಿ ಬರೀ ಆಗುತ್ತೆ ಆಗಲ್ಲ ಅಂತ ಎರಡೇ ಇಲ್ಲ, ಐದು ದರ್ಜೆ ಇದೆ: ಖಂಡಿತ ತೊಂದ್ರೆ ಇಲ್ಲ, ಬಹುಶಃ ಇಲ್ಲ, ಇರಬಹುದು, ಬಹುಶಃ ಇದೆ, ಖಂಡಿತ ಇದೆ. ಅಮೆರಿಕಾದೋರ ಪಟ್ಟಿ ಬೇರೆ, ಬ್ರಿಟನ್ನೋರ ಪಟ್ಟಿ ಬೇರೆ, ಕೆಲವು ಔಷಧಿಗೆ ಒಬ್ಬರು ಹೂಂ ಅಂದ್ರೆ ಇನ್ನೊಬ್ಬರು ಊಹೂಂ ಅಂತಾರೆ, ವಾಂತಿಗೆ ಕೊಡೋ ಮೆಟೊಕ್ಲೊಪ್ರಮೈಡ್ ಬಗ್ಗೆ ಒಮ್ಮತ ಇಲ್ಲ. ಒಮ್ಮತ ಇಲ್ದಿರೋದನ್ನ ನಾನು ಬೇಡ ಅಂತ ಇಟ್ಕೊಂಡಿದೀನಿ, ಬದಲಿಗೆ ಒಂಡಾನ್ಸೆಟ್ರಾನ್ ಇರೋವಾಗ ಯಾಕೆ ಬೇಕು. ಆದ್ರೆ ಬದಲಿ ಇಲ್ದಿರೋ ಔಷಧಿ, ಜೀವ ಉಳಿಸೋ ಔಷಧಿ ಆಗಿದ್ರೆ ಮಧ್ಯದ ದರ್ಜೆಯದನ್ನೂ ಕೊಡ್ತಾರೆ, ಕೊಟ್ಟು ಯೂರಿನ್ ಪಿಬಿಜಿ ನೋಡ್ತಾ ಇರ್ತಾರೆ. ಭಯ ಪಟ್ಕೊಂಡು ಎಲ್ಲಾ ಔಷಧಿನೂ ಬಿಟ್ಟು ಕೂರೋದೂ ಅಪಾಯನೇ, ಇನ್ಫೆಕ್ಷನ್ ಅನ್ನೋದೇ ಒಂದು ಅಟ್ಯಾಕ್ ತರುತ್ತೆ, ಅದಕ್ಕೆ ಆಂಟಿಬಯಾಟಿಕ್ ತಗೊಳ್ದೆ ಇದ್ರೆ ಆಯ್ತಾ?

ಇನ್ನೊಂದು ಮಾತು, ನನ್ನ ಚಿಕ್ಕಮ್ಮ ಪದೇಪದೇ ಕೇಳೋದು, "ಹೋದ ಸಲ ತಗೊಂಡಾಗ ಏನೂ ಆಗ್ಲಿಲ್ವಲ್ಲ?" ಅಂತ. ಒಂದು ಸಲ ಏನೂ ಆಗ್ಲಿಲ್ಲ ಅಂದ್ರೆ ಅದು ಸೇಫ್ ಅಂತ ಅಲ್ಲ. ಪೀರಿಯಡ್ಸ್‌ಗೆ ಮುಂಚಿನ ದಿನಗಳು, ಊಟ ಬಿಟ್ಟಿರೋದು, ಜ್ವರ, ನಿದ್ದೆಗೆಟ್ಟಿರೋದು, ಔಷಧಿ, ಇವೆಲ್ಲಾ ಒಂದರ ಮೇಲೊಂದು ಕೂಡ್ಕೊಳ್ಳುತ್ವೆ. ಅದಕ್ಕೇ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋಗ್ತೀನಿ, ಜಾಗರಣೆ ಉಪವಾಸ ಮಾಡಲ್ಲ, ದಾಸೋಹದಲ್ಲಿ ಕೂತು ಹೊಟ್ಟೆ ತುಂಬಾ ಉಂಡು ಬರ್ತೀನಿ. ಅತ್ತೆಯವರು ಮೊದಲು ಮುಖ ಸಿಂಡರಿಸ್ತಿದ್ರು, ಈಗ ಅವರೇ ಶ್ರಾವಣ ಶನಿವಾರ "ನೀನು ಮೊದಲು ತಿಂಡಿ ತಿನ್ನಮ್ಮ, ಆಮೇಲೆ ದೀಪ ಹಚ್ಚು" ಅಂತಾರೆ. ಆಯುರ್ವೇದದ ಅರಿಷ್ಟ ಆಸವ ಯಾರಾದ್ರೂ ತಂದ್ಕೊಟ್ರೂ ಬೇಡ ಅಂತೀನಿ, ಅವು ಹುದುಗು ಬಂದು ಆಲ್ಕೋಹಾಲ್ ಆಗಿರ್ತವೆ, ಆಲ್ಕೋಹಾಲ್ ನಮಗಾಗಲ್ಲ.

ಈ ಚೆಕ್ ಮಾಡೋ ಅಭ್ಯಾಸ ನಿಜವಾಗ್ಲೂ ಕಾಪಾಡಿದ್ದು ಉರಿಮೂತ್ರ ಆದಾಗ. ಕ್ಲಿನಿಕ್‌ನಲ್ಲಿ ಹೊಸ ಡಾಕ್ಟ್ರು, ರಶ್ ಬೇರೆ, ಬರೆದ್ರು ನೈಟ್ರೊಫುರಾಂಟೊಯಿನ್. ಉರಿಮೂತ್ರಕ್ಕೆ ಅದು ಸರಿಯಾದ ಔಷಧಿನೇ, ಎಲ್ರಿಗೂ ಕೊಡೋದೇ, ನನಗೆ ಮಾತ್ರ ಆಗದು. ಚೀಟಿ ನೋಡಿ ಸರ್ ಇದು ಪೋರ್ಫೈರಿಯಾಗೆ ಆಗಲ್ಲ ಅಂತ ನನ್ನ ಕಾಯಿಲೆ ಹೆಸರು ಬರೆದಿರೋ ಕಾರ್ಡ್ ಮುಂದಿಟ್ಟೆ. ಅವರು ಬೇಜಾರು ಮಾಡ್ಕೊಳ್ದೆ ಸರಿ ಅಂತ ಹೊಡೆದು ಹಾಕಿ ಕೋಟ್ರೈಮಾಕ್ಸಜೋಲ್ ಬರೀತೀನಿ ಅಂದ್ರು, ಅದು ಸಲ್ಫಾ! ಅದೂ ಆಗಲ್ಲ ಸರ್. ಆಗ ಅವರೇ ಫೋನಲ್ಲಿ ನಾಪೋಸ್ ತೆಗೆದು ನನ್ನ ಪಕ್ಕದಲ್ಲೇ ಕೂತು ಒಂದೊಂದೇ ಹುಡುಕಿದ್ರು, ಹೊರಗೆ ಕಾಯ್ತಿದ್ದೋರು ಬಾಗಿಲಲ್ಲಿ ಇಣುಕ್ತಿದ್ರು. ಯೂರಿನ್ ಕಲ್ಚರ್‌ಗೆ ಕಳ್ಸಿ, ಅಲ್ಲಿ ತನಕ ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಶುರು ಮಾಡಿದ್ರು, ಕಲ್ಚರ್ ಬಂದಾಗ ನೋಡಿದ್ರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗೋದಲ್ಲ ಅಂತ ಇತ್ತು. ಅಮಿಕಾಸಿನ್‌ಗೆ ಬಗ್ಗುತ್ತೆ. ಅಮಿಕಾಸಿನ್ ಲಿವರ್‌ನಲ್ಲಿ ಕರಗೋ ಔಷಧಿನೇ ಅಲ್ಲ, ಹೋದ ರೂಪದಲ್ಲೇ ಕಿಡ್ನಿ ಮೂಲಕ ಹೊರಗೆ ಬಂದುಬಿಡುತ್ತೆ, ಹಾಗಾಗಿ ನಮ್ಮ ಲಿವರ್ ಗೋಜಿಗೇ ಹೋಗಲ್ಲ. ಕಿಡ್ನಿಗೆ ಮಾತ್ರ ನೋಡ್ಕೋಬೇಕು, ಕ್ರಿಯಾಟಿನಿನ್ ಮಾಡ್ಸಿ ಇಂಜೆಕ್ಷನ್ ಕೊಟ್ರು, ವಾಸಿ ಆಯ್ತು. ಇದನ್ನ ಕೇಳ್ದಾಗ ನನಗೆ ಮೊದಲ ಸಲ ಪಟ್ಟಿ ಹಿಂದಿರೋ ಕಾರಣ ಅರ್ಥ ಆಗಿದ್ದು, ಬರೀ ಹೆಸರು ಬಾಯಿಪಾಠ ಮಾಡೋದಕ್ಕಿಂತ ಈ ಔಷಧಿ ದೇಹದಲ್ಲಿ ಎಲ್ಲಿ ಹೋಗುತ್ತೆ ಅಂತ ಕೇಳಬೇಕು ಅಂತ.

ಇನ್ನು ಆಪರೇಷನ್. ಊಟ ಆದ್ಮೇಲೆ ಬಲಗಡೆ ಪಕ್ಕೆ ಕೆಳಗೆ ನೋವು ಬರೋಕೆ ಶುರುವಾಯ್ತು, ಎಲ್ರಿಗೂ ಹೆದರಿಕೆ, ಮತ್ತೆ ಅದೇ ಬಂತಾ ಅಂತ. ಯೂರಿನ್ ಪಿಬಿಜಿ ಮಾಡ್ಸಿದ್ರು, ನನಗೆ ಯಾವಾಗ್ಲೂ ಇರೋ ಮಟ್ಟದಲ್ಲೇ ಇತ್ತು, ಸ್ಕ್ಯಾನ್‌ನಲ್ಲಿ ಪಿತ್ತಕೋಶದ ತುಂಬಾ ಕಲ್ಲು. ಒಂದು ಕಡೆ ಕೇಳಿದಾಗ ನಿಮ್ಮ ಕಾಯಿಲೆಗೆ ನಾವು ಕೈ ಹಾಕಲ್ಲ ಅಂದ್ರು, ಹಾಗೆ ನೇರವಾಗಿ ಹೇಳಿದ್ದು ಒಳ್ಳೇದೇ. ಇನ್ನೊಂದು ಕಡೆ ಸರ್ಜನ್ ಮೇಡಂ ಒಪ್ಕೊಂಡ್ರು, ಆದ್ರೆ "ಅನಸ್ತೇಷಿಯಾ ಡಾಕ್ಟ್ರು ಹೂಂ ಅಂದ್ರೆ ಮಾತ್ರ, ಈ ಕೇಸಲ್ಲಿ ನನಗಿಂತ ಅವರೇ ಮುಖ್ಯ" ಅಂದ್ರು.

ಅನಸ್ತೇಷಿಯಾ ಡಾಕ್ಟ್ರು ವಯಸ್ಸಾದೋರು, ಮಧುಗಿರಿ ಕಡೆಯೋರು. ನನ್ನ ಫೈಲ್ ಓದಿ ಕನ್ನಡಕ ತೆಗೆದಿಟ್ಟು ಒಂದು ಕಥೆ ಹೇಳಿದ್ರು. ಹಾಲೆಂಡಿನಿಂದ ದಕ್ಷಿಣ ಆಫ್ರಿಕಾಗೆ ಬಂದು 1688ರಲ್ಲಿ ಮದುವೆ ಆದ ಒಂದು ಜೋಡಿಯಿಂದ ಈ ಜಾತಿಯ ಇನ್ನೊಂದು ಪೋರ್ಫೈರಿಯಾ ಸಾವಿರಾರು ಜನಕ್ಕೆ ಇಳಿದು ಬಂದಿತ್ತಂತೆ, ತಲೆಮಾರುಗಟ್ಟಲೆ ಹೆಚ್ಚಿನೋರಿಗೆ ದೊಡ್ಡ ತೊಂದ್ರೆ ಇರ್ಲಿಲ್ಲ, ಬಾರ್ಬಿಟುರೇಟ್ ಅನ್ನೋ ನಿದ್ದೆ ಔಷಧಿಗಳು, ಪ್ರಜ್ಞೆ ತಪ್ಪಿಸೋಕೆ ಕೊಡೋ ಥಯೋಪೆಂಟೋನ್ ಇಂಜೆಕ್ಷನ್ ಬಂದ ಮೇಲೆ ಆಪರೇಷನ್ ಆದೋರು ಕೈಕಾಲು ಬಿದ್ದು ಸಾಯೋಕೆ ಶುರುವಾದ್ರಂತೆ. "ಆ ಥಯೋಪೆಂಟೋನ್ ನನ್ನ ಕಾಲದಲ್ಲಿ ದಿನಾ ಕೊಡ್ತಿದ್ದ ಔಷಧಿ ಕಣಮ್ಮ. ಈಗ ಪ್ರೊಪೊಫಾಲ್ ಇದೆ, ನೀನು ಹೆದರಬೇಡ" ಅಂದ್ರು. ಆಮೇಲೆ ಒಂದು ಬಿಳಿ ಹಾಳೆ ತಗೊಂಡು ನಡುವೆ ಗೆರೆ ಎಳೆದು ಎಡಕ್ಕೆ ಓಟಿಯಲ್ಲಿ ನಾನು ಕೊಡೋದು, ಬಲಕ್ಕೆ ಟ್ರಾಲಿ ಮೇಲೇ ಇರಬಾರದ್ದು ಅಂತ ಬರ್ಕೊಂಡ್ರು. ಎಡಕ್ಕೆ ಪ್ರೊಪೊಫಾಲ್, ಫೆಂಟನಿಲ್, ಅಟ್ರಾಕ್ಯೂರಿಯಂ, ಡ್ರಿಪ್‌ನಲ್ಲಿ ಪ್ಯಾರಾಸಿಟಮಾಲ್, ಒಂಡಾನ್ಸೆಟ್ರಾನ್, ಹೊಟ್ಟೆ ಮೇಲಿನ ತೂತುಗಳ ಹತ್ರ ಬುಪಿವಕೈನ್, ಸೆಫಲೋಸ್ಪೊರಿನ್ ಜಾತಿಯ ಆಂಟಿಬಯಾಟಿಕ್. ಬಲಕ್ಕೆ ಥಯೋಪೆಂಟೋನ್, ಎಟೊಮಿಡೇಟ್, ಪೆಂಟಜೋಸಿನ್, ಡೈಕ್ಲೊಫಿನಾಕ್, ಮೆಟೊಕ್ಲೊಪ್ರಮೈಡ್, ಫೆನಿಟೋಯಿನ್. ಟ್ರಾಲಿ ಮೇಲೇ ಇರಬಾರದು ಅನ್ನೋದು ಅವರ ಹಟ, ಎಮರ್ಜೆನ್ಸಿಯಲ್ಲಿ ಕೈಗೆ ಸಿಕ್ಕಿದ್ದನ್ನ ಯಾರಾದ್ರೂ ಎತ್ಕೊಂಡುಬಿಡ್ತಾರೆ ಅಂತ. ಆ ಹಾಳೆಗೆ ಎಲ್ರೂ ಸೈನ್ ಮಾಡಿದ್ರು, ಸರ್ಜನ್ ಮೇಡಂ, ಓಟಿ ಸಿಸ್ಟರ್, ವಾರ್ಡ್ ಸಿಸ್ಟರ್, ನಮ್ಮ ಯಜಮಾನ್ರು ಕೂಡ.

ಔಷಧಿಗಿಂತ ಹೆಚ್ಚು ಮಾತುಕತೆ ಆಗಿದ್ದು ಉಪವಾಸದ ಬಗ್ಗೆ. ಆಪರೇಷನ್ ಅಂದ್ರೆ ರಾತ್ರಿಯಿಂದ ಏನೂ ತಿನ್ನೋ ಹಾಗಿಲ್ಲ, ನಮಗೆ ಉಪವಾಸ ಇರೋ ಹಾಗಿಲ್ಲ. ಅದಕ್ಕೆ ಹಿಂದಿನ ಸಂಜೆನೇ ಅಡ್ಮಿಟ್ ಮಾಡ್ಕೊಂಡು, ರಾತ್ರಿ ಮುದ್ದೆ ಸಾರು ಅನ್ನ ಲೇಟಾಗಿ ಹೊಟ್ಟೆ ತುಂಬಾ ತಿನ್ನಿಸಿ, ಆಮೇಲಿಂದ ಗ್ಲೂಕೋಸ್ ಡ್ರಿಪ್. ಬರೀ ಟೆನ್ ಪರ್ಸೆಂಟ್ ಡೆಕ್ಸ್ಟ್ರೋಸ್ ನೀರು ಜಾಸ್ತಿ ಓಡಿಸಿದ್ರೆ ಸೋಡಿಯಂ ಇಳಿಯುತ್ತೆ, ನನಗೆ ಮೊದಲೇ ಅದರಿಂದ ಫಿಟ್ಸ್ ಬಂದಿದ್ದು, ಹಾಗಾಗಿ ಜೊತೆಗೆ ಸಲೈನ್ ಸೇರಿಸಿ ಕೊಟ್ರು, ಬೆಳಿಗ್ಗೆ ಸೋಡಿಯಂ ನೋಡಿ ಆಮೇಲೇ ಒಳಗೆ ಕರ್ಕೊಂಡ್ರು. ಗ್ಲೂಕೋಸ್ ದಪ್ಪ ಆದಷ್ಟೂ ಕೈ ನರ ಉರಿಯುತ್ತೆ, ಮಧ್ಯರಾತ್ರಿ ಕೈ ಊದ್ಕೊಂಡು ಸಿಸ್ಟರ್ ಜಾಗ ಬದಲಾಯಿಸಿದ್ರು. ಆ ದಿನದ ಆಪರೇಷನ್ ಪಟ್ಟಿಯಲ್ಲಿ ನನ್ನ ಕೇಸೇ ಮೊದಲು ಇರಬೇಕು ಅಂತ ಡಾಕ್ಟ್ರು ಹೇಳಿಟ್ಟಿದ್ರು, ಯಾವುದೋ ಎಮರ್ಜೆನ್ಸಿ ಬಂದು ಮಧ್ಯಾಹ್ನ ಆಗಿಬಿಟ್ರೆ ಕಷ್ಟ ಅಂತ. ಡೇಟ್ ಕೂಡ ಪೀರಿಯಡ್ಸ್ ಮುಗಿದ ತಕ್ಷಣದ ವಾರಕ್ಕೆ ಇಟ್ಕೊಂಡಿದ್ವಿ, ಪೀರಿಯಡ್ಸ್‌ಗೆ ಮುಂಚಿನ ದಿನಗಳಲ್ಲಿ ದೇಹದ ಪ್ರೊಜೆಸ್ಟರಾನೇ ಏರಿರುತ್ತೆ ಅಂತ.

ಎಚ್ಚರ ಆದಾಗ ಗಂಟಲು ಒಣಗಿತ್ತು, ಭುಜ ನೋಯ್ತಿತ್ತು, ಅದು ಲ್ಯಾಪ್ರೊಸ್ಕೋಪಿಗೆ, ಅಂದ್ರೆ ಸಣ್ಣ ತೂತು ಮಾಡಿ ಮಾಡೋ ಆಪರೇಷನ್‌ಗೆ, ಹೊಟ್ಟೆಗೆ ತುಂಬೋ ಗ್ಯಾಸಿನಿಂದ ಅಂತೆ, ಎಷ್ಟೋ ಜನಕ್ಕೆ ಬರುತ್ತೆ. ರಾತ್ರಿ ನೋವು ಜಾಸ್ತಿ ಆದಾಗ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟ್ರು ನೋವಿನ ಇಂಜೆಕ್ಷನ್ ಬರೆಯೋಕೆ ಬಂದ್ರು, ವಾರ್ಡ್ ಸಿಸ್ಟರ್ ಪೆನ್ ಎತ್ತೋಕೆ ಮುಂಚೆನೇ "ಸರ್, ಇವರಿಗೆ ಈ ಹಾಳೆ ನೋಡಿ ಬರೀಬೇಕು" ಅಂತ ಫೈಲ್ ತಿರುಗಿಸಿ ಅವರ ಮುಂದೆ ಇಟ್ರು. ನಾನು ಮಲಗಿದ್ದಲ್ಲೇ ನೋಡ್ತಿದ್ದೆ. ಬಾಯಿ ಬಿಡೋ ಶಕ್ತಿ ನನಗಿರ್ಲಿಲ್ಲ, ಬಿಡೋ ಅಗತ್ಯನೂ ಬರ್ಲಿಲ್ಲ. ಪೇಷಂಟ್ ಒಬ್ಬಳಿಗೇ ಗೊತ್ತಿದ್ರೆ ಸಾಲದು ಅನ್ನೋದು ಇದಕ್ಕೇ, ಪ್ರಜ್ಞೆ ಇಲ್ದಾಗ, ನೋವಲ್ಲಿ ಮಾತಾಡೋಕೆ ಆಗದಾಗ ಆ ಪಟ್ಟಿನ ಬೇರೆಯೋರು ಓದಬೇಕು. ಸ್ವಲ್ಪ ಮಾರ್ಫಿನ್ ಕೊಟ್ರು, ನಿದ್ದೆ ಬಂತು. ಮಾರನೇ ದಿನ ಗಂಜಿ, ಆಮೇಲೆ ಇಡ್ಲಿ, ತಿನ್ನೋಕೆ ಶುರುವಾದ ಮೇಲೇ ಡ್ರಿಪ್ ತೆಗೆದ್ರು. ಮನೆಗೆ ಹೋದ ಮೇಲೆ ಒಂದು ವಾರ ಬಿಟ್ಟು ಮತ್ತೆ ಪಿಬಿಜಿ ಮಾಡ್ಸಿದ್ವಿ, ಏರಿರ್ಲಿಲ್ಲ.

ಇದು ವಂಶದಲ್ಲಿ ಬರೋದು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಜೀನ್ ಇರೋರಲ್ಲಿ ಹೆಚ್ಚಿನೋರಿಗೆ ಜೀವಮಾನದಲ್ಲಿ ಒಂದು ಅಟ್ಯಾಕೂ ಬರಲ್ಲ, ಆದ್ರೆ ಔಷಧಿ ಎಚ್ಚರಿಕೆ ಅವರಿಗೂ ಬೇಕು. ನಮ್ಮಪ್ಪನ ಅಕ್ಕ ಒಬ್ಬರು ಬಾಣಂತನದಲ್ಲಿ ಹೊಟ್ಟೆ ನೋವು ಬಂದು ಕೈಕಾಲು ಬಿದ್ದು ತೀರ್ಕೊಂಡಿದ್ರು, ಊರಲ್ಲಿ ಗಾಳಿ ಸೋಕಿದೆ ಅಂದಿದ್ರಂತೆ. ನನ್ನ ರಿಪೋರ್ಟ್ ಬಂದ ದಿನ ಅಪ್ಪ ಅದನ್ನ ಹೇಳಿ ತುಂಬಾ ಹೊತ್ತು ಅತ್ರು. ಅಪ್ಪನಿಗೂ ನನ್ನ ತಮ್ಮನಿಗೂ ಜೀನ್ ಟೆಸ್ಟ್‌ನಲ್ಲಿ ಇದೆ ಅಂತ ಬಂತು, ಇಬ್ಬರಿಗೂ ಇಲ್ಲಿ ತನಕ ಏನೂ ಆಗಿಲ್ಲ. ತಮ್ಮ ಗಟ್ಟಿಮುಟ್ಟಾಗಿದಾನೆ, ಅವನಿಗೆ ಇದೆಲ್ಲಾ ಅಕ್ಕನ ಕಾಯಿಲೆ ಅಂತಲೇ ಇತ್ತು.

ಹೋದ ತಿಂಗಳು ಅವನಿಗೆ ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಯ್ತು. ಗುಬ್ಬಿಯಲ್ಲಿ ಯಾರನ್ನೋ ತೋರ್ಸಿ ಮಾತ್ರೆ ತಗೊಂಡು, ನುಂಗೋಕೆ ಮುಂಚೆ ಸ್ಟ್ರಿಪ್ ಹಿಂದಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ದ, ಕೆಳಗೆ "ಅಕ್ಕ ಇದು ನೋಡು" ಅಂತ. ಗ್ರಿಸಿಯೋಫಲ್ವಿನ್. ತಕ್ಷಣ ಫೋನ್ ಮಾಡಿ ವಾಪಸ್ ಕೊಡಿಸ್ದೆ, ಡಾಕ್ಟ್ರಿಗೆ ಅವನ ಜೀನ್ ರಿಪೋರ್ಟ್ ತೋರ್ಸೋಕೆ ಹೇಳ್ದೆ, ಅವರು ಹಚ್ಚೋ ಮುಲಾಮು ಬರ್ಕೊಟ್ರು. ನಿಧಾನಕ್ಕೆ ವಾಸಿ ಆಗ್ತಿದೆ. ನನ್ನ ಮಗಳಿಗೆ ಇನ್ನೂ ಒಂಬತ್ತು ವರ್ಷ, ದೊಡ್ಡವಳಾಗೋಕೆ ಮುಂಚೆ ಅಟ್ಯಾಕ್ ಬರೋದು ಬಹಳ ಅಪರೂಪ ಅಂತ ಡಾಕ್ಟ್ರು ಹೇಳಿದಾರೆ, ಆದ್ರೂ ಬೇಸಿಗೆ ರಜಕ್ಕೆ ಅವಳ ರಕ್ತನೂ ಕೊಟ್ಟು ಬರೋಣ ಅಂತ ಮಾತಾಡ್ಕೊಂಡಿದೀವಿ. ಚಿಕ್ಕಪ್ಪನ ಮಕ್ಕಳು ಮದುವೆ ಆಗ್ಬೇಕಾದೋರು, ಟೆಸ್ಟ್ ಅಂದ್ರೆ ಇನ್ನೂ ಒಪ್ತಿಲ್ಲ. ಅವರಿಗೂ ಪಟ್ಟಿದೊಂದು ಝೆರಾಕ್ಸ್ ಕೊಟ್ಟು ಬಂದಿದೀನಿ, ಟೆಸ್ಟ್ ಆಮೇಲೆ ಮಾಡ್ಸಿದ್ರೂ ಇದನ್ನ ಈಗಲೇ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ ಅಂತ.